ಬಾಗಿಲ ಬಳಿಯ ಮೇಜು

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಪಂಕ್ ಎಂಬ ಗದ್ದಲದ ರಾಕ್ ಸಂಗೀತದ ತಂಡಗಳು ಬಾರಿಸುವ ಗಿಲ್‌ಮನ್ ಬೀದಿಯ 924ನೇ ನಂಬರಿನ ಗೋದಾಮಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಅಲ್ಲಿನ ನಿಯಮಗಳು. ಮದ್ಯ ಇಲ್ಲ, ಮಾದಕ ವಸ್ತು ಇಲ್ಲ, ಹೊಡೆದಾಟ ಇಲ್ಲ. ಬಣ್ಣದ ಬಗ್ಗೆ, ಹೆಂಗಸರ ಬಗ್ಗೆ, ಸಲಿಂಗಿಗಳ ಬಗ್ಗೆ ಕೀಳು ಮಾತು ಇಲ್ಲ. ನಮ್ಮ ಕಡೆಯ ಮಠದ ವಿದ್ಯಾರ್ಥಿ ನಿಲಯದಲ್ಲೂ ಇಷ್ಟು ಕಟ್ಟುನಿಟ್ಟನ್ನು ನಾನು ಕಂಡಿರಲಿಲ್ಲ. ಪಂಕ್ ಎಂದರೆ ಕೂದಲಿಗೆ ಹಸಿರು ಬಳಿದುಕೊಂಡು, ಮೂಗಿಗೆ ಪಿನ್ನು ಚುಚ್ಚಿಕೊಂಡು, ಅಮಲೇರಿ ಬೀದಿಯಲ್ಲಿ ಬಿದ್ದಿರುವವರು ಎಂದು ಕೇಳಿಕೊಂಡು ಬಂದಿದ್ದವನು ನಾನು. ಹಸಿರು ಕೂದಲು, ಪಿನ್ನು ಎರಡೂ ಅಲ್ಲಿ ಧಾರಾಳವಾಗಿದ್ದವು. ಅಮಲು ಮಾತ್ರ ಬಾಗಿಲ ಹೊರಗೇ ಉಳಿಯಬೇಕಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬಾಡಿಗೆ ಉಳಿಸಲೆಂದು ಬರ್ಕ್ಲಿಯ ಹಳೆಯ ಮನೆಯೊಂದರಲ್ಲಿ ಕೋಣೆ ಹಿಡಿದೆ. ನನ್ನ ರೂಮ್‌ಮೇಟ್ ಗಿಲ್‌ಮನ್‌ನಲ್ಲಿ ಧ್ವನಿ ವ್ಯವಸ್ಥೆ ನೋಡಿಕೊಳ್ಳುವ ಸ್ವಯಂಸೇವಕ. ಹಾಲು, ಮೊಟ್ಟೆ, ಮಾಂಸ ಮುಟ್ಟುತ್ತಿರಲಿಲ್ಲ. ಬಿಯರ್ ಕುಡಿಯುತ್ತಿರಲಿಲ್ಲ, ಸಿಗರೇಟು ಸೇದುತ್ತಿರಲಿಲ್ಲ. ನಮ್ಮ ಅವ್ವನಿಗೆ ಫೋನಿನಲ್ಲಿ ಅವನ ವರ್ಣನೆ ಕೊಟ್ಟಾಗ, ಅಂಥ ಒಳ್ಳೆಯ ಹುಡುಗನ ಸಹವಾಸ ಬಿಡಬೇಡ ಎಂದಳು. ಅವನ ಕುತ್ತಿಗೆಯ ಮೇಲಿನ ಹಚ್ಚೆಯ ಸಂಗತಿಯನ್ನು ನಾನು ಹೇಳಿರಲಿಲ್ಲ.

ಗಿಲ್‌ಮನ್ ಶುರುವಾಗಿದ್ದು 1986ರ ಡಿಸೆಂಬರ್ 31ರ ರಾತ್ರಿ. ‘ಮ್ಯಾಕ್ಸಿಮಮ್ ರಾಕ್‌ನ್‌ರೋಲ್’ ಎಂಬ ಪಂಕ್ ಪತ್ರಿಕೆಯ ಟಿಮ್ ಯೋಹಾನನ್ ಮತ್ತು ಅವರ ಗೆಳೆಯರು ಹಣ ಹೊಂದಿಸಿ, ತಾವೇ ಗೋಡೆ ಕಟ್ಟಿ, ಶೌಚಾಲಯ ಕೂರಿಸಿ ಎಬ್ಬಿಸಿದ ಜಾಗ. ವರ್ಷದ ಸದಸ್ಯತ್ವಕ್ಕೆ ಎರಡು ಡಾಲರ್, ಒಂದು ರಾತ್ರಿಯ ಪ್ರವೇಶಕ್ಕೆ ಐದು. ಹದಿನಾಲ್ಕರ ಹುಡುಗಿಯೂ ಬರಬಹುದು, ಐವತ್ತರ ಪ್ರೊಫೆಸರೂ ಬರಬಹುದು. ಮಾಲೀಕ ಎಂಬುವನಿಲ್ಲ. ತಿಂಗಳ ಸಭೆಗಳಲ್ಲಿ ಸದಸ್ಯರು ಕುರ್ಚಿ ಎಳೆದುಕೊಂಡು ಕುಳಿತು ಎಲ್ಲವನ್ನೂ ಮತಕ್ಕೆ ಹಾಕಿ ತೀರ್ಮಾನಿಸುತ್ತಿದ್ದರು. ಮದ್ಯವಿಲ್ಲದ ನಿಯಮದ ಹಿಂದೆ ನೀತಿಯಷ್ಟೇ ಲೆಕ್ಕಾಚಾರವೂ ಇತ್ತು. ಎಲ್ಲ ವಯಸ್ಸಿನವರನ್ನೂ ಒಳಗೆ ಬಿಡಬೇಕೆಂದರೆ, ನೆರೆಹೊರೆಯವರು ಮತ್ತು ಪೊಲೀಸರು ಬೀಗ ಹಾಕಿಸದಂತೆ ನೋಡಿಕೊಳ್ಳಬೇಕೆಂದರೆ, ಬೇರೆ ದಾರಿ ಇರಲಿಲ್ಲ.

ಸಂಗೀತದ ಬಗ್ಗೆ ಏನು ಹೇಳಲಿ? ಸವಾಯಿ ಗಂಧರ್ವ ಪರಂಪರೆಯ ಸೀಮೆಗೆ ಹತ್ತಿರದಿಂದ ಬಂದವನ ಕಿವಿಗೆ ಅದು ಮೊದಲು ಸಂಗೀತವೆಂದೇ ಅನ್ನಿಸಲಿಲ್ಲ. ಒಂದೂವರೆ ನಿಮಿಷದಲ್ಲಿ ಹಾಡು ಮುಗಿಯುತ್ತದೆ. ಆಲಾಪವಿಲ್ಲ, ಏರಿಕೆಯಿಲ್ಲ, ನೇರ ದ್ರುತ್. ಗಿಟಾರಿನಲ್ಲಿ ಮೂರೇ ಸ್ವರಗುಚ್ಛ. ಹಾಡುವವನ ಸಾಹಿತ್ಯ ಒಂದಕ್ಷರವೂ ಕೇಳಿಸುವುದಿಲ್ಲ, ಆದರೆ ಎದುರಿಗಿರುವ ನೂರು ಮಂದಿಗೂ ಅದು ಬಾಯಿಪಾಠ. ಎರಡು ವಾದ್ಯತಂಡಗಳ ನಡುವಿನ ಬಿಡುವಿನಲ್ಲಿ, ಈಗ ತಾನೇ ಕಿರುಚಿದವನು ಬೆವರೊರೆಸಿಕೊಂಡು ಬಂದು ನಮ್ಮ ಪಕ್ಕವೇ ನಿಲ್ಲುತ್ತಿದ್ದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ವೇದಿಕೆಗೂ ನೆಲಕ್ಕೂ ಹೆಚ್ಚಿನ ಎತ್ತರದ ಅಂತರವಿರಲಿಲ್ಲ. ಭಜನೆ ಮೇಳದಲ್ಲಿ ತಾಳ ಹಿಡಿದು ಬೆಳೆದವನಿಗೆ ಆ ಏರ್ಪಾಟು ಹೊಸದೆನ್ನಿಸಲಿಲ್ಲ.

ಬಾಗಿಲ ಬಳಿ ಒಂದು ಮಡಚುವ ಮೇಜು. ಅದರ ಮೇಲೆ ಜೆರಾಕ್ಸ್ ಮಾಡಿ ಸ್ಟೇಪಲ್ ಹೊಡೆದ ಪತ್ರಿಕೆಗಳು, ಬ್ಯಾಡ್ಜುಗಳು, ಏಳಿಂಚಿನ ರೆಕಾರ್ಡುಗಳು, ಬಾಡಿಗೆದಾರರ ಹಕ್ಕುಗಳ ಕರಪತ್ರ, ವ್ಯಸನಿಗಳಿಗೆ ಹಳೆಯ ಸೂಜಿಯ ಬದಲು ಶುದ್ಧ ಸೂಜಿ ಕೊಡುವ ಕೇಂದ್ರದ ವಿಳಾಸ. 1996ರ ಆರಂಭದಲ್ಲಿ ಅಂಥ ಮೇಜುಗಳ ಮೇಲೆ ಇನ್ನೊಂದು ಹಾಳೆ ಸೇರಿತು: ವೈದ್ಯರ ಸಲಹೆಯಿದ್ದ ರೋಗಿಗೆ ಗಾಂಜಾ ಬಳಸಲು, ಬೆಳೆಯಲು ಅವಕಾಶ ಕೊಡಬೇಕೆಂಬ ಪ್ರಸ್ತಾವವನ್ನು ನವೆಂಬರಿನ ಮತಪತ್ರಕ್ಕೆ ತರಲು ಸಹಿ ಸಂಗ್ರಹ. ಸಂಜೆ ಒಳಗೆ ಮಾದಕ ವಸ್ತು ತರಬೇಡಿರೆಂದು ಹುಡುಗರ ಜೇಬು ನೋಡುತ್ತಿದ್ದ ನನ್ನ ರೂಮ್‌ಮೇಟ್, ಭಾನುವಾರ ಟೆಲಿಗ್ರಾಫ್ ಅವೆನ್ಯೂದಲ್ಲಿ ಅದೇ ಮೇಜನ್ನು ಬಿಡಿಸಿ ಗಾಂಜಾಕ್ಕಾಗಿ ಸಹಿ ಕೇಳುತ್ತಿದ್ದ. ಇದೇನು ವಿಚಿತ್ರ ಎಂದು ಕೇಳಿದೆ. ನನಗೆ ಬೇಡವಾದದ್ದಕ್ಕಾಗಿ ಇನ್ನೊಬ್ಬರು ಜೈಲಿಗೆ ಹೋಗಬೇಕೇ ಎಂದು ತಿರುಗಿ ಕೇಳಿದ. ಅಷ್ಟರಲ್ಲಿ ಮಾತು ಮುಗಿಯಿತು.

ಪಂಕ್ ಲೋಕದ ಈ ನಿರ್ವ್ಯಸನದ ಕವಲಿಗೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. 1980ರಲ್ಲಿ ವಾಷಿಂಗ್ಟನ್‌ನಿಂದ ಟೀನ್ ಐಡಲ್ಸ್ ಎಂಬ ಹುಡುಗರ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಮಬುಹಾಯ್ ಗಾರ್ಡನ್ಸ್ ಎಂಬ ಫಿಲಿಪಿನೋ ಊಟದ ಹೋಟೆಲು ಆಗ ಪಂಕ್ ವೇದಿಕೆ. ಕುಡಿಯುವ ವಯಸ್ಸಾಗದವರನ್ನು ಅಲ್ಲಿ ಹೊರಗೆ ಅಟ್ಟುವ ಬದಲು ಅಂಗೈ ಹಿಂದೆ ದೊಡ್ಡ ‘ಎಕ್ಸ್’ ಗುರುತು ಹಾಕಿ ಒಳಗೆ ಬಿಡುತ್ತಿದ್ದರು. ಹುಡುಗರು ಆ ಉಪಾಯವನ್ನು ತಮ್ಮೂರಿಗೆ ಹೊತ್ತೊಯ್ದರು. ಆ ತಂಡದ ಇಯಾನ್ ಮೆಕೈ ಮರುವರ್ಷ ಮೈನರ್ ಥ್ರೆಟ್ ತಂಡದಲ್ಲಿ ಹಾಡಿದ ಮೇಲೆ, ಕುಡಿಯಲು ಅನರ್ಹ ಎಂಬ ಗುರುತೇ ಕುಡಿಯಲು ಇಷ್ಟವಿಲ್ಲ ಎಂಬ ಹೆಮ್ಮೆಯ ಗುರುತಾಯಿತು. ನನ್ನ ರೂಮ್‌ಮೇಟ್‌ನ ಕೈಯ ಹಿಂದೆಯೂ ಅದಿತ್ತು.

ನನಗೆ ಗಾಂಜಾ ಹೊಸದಾಗಿರಲಿಲ್ಲ. ನಾನು ಸುರಪುರದ ಕಡೆಯವನು. ಅಲ್ಲಿಂದ ದೂರವಲ್ಲದ ಕೃಷ್ಣಾ ತೀರದ ತಿಂಥಣಿಯಲ್ಲಿ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಮೌನೇಶ್ವರನ ಗುಡಿಯಿದೆ. ಜಾತ್ರೆಯಲ್ಲಿ ಗಾಂಜಾವೂ ಪ್ರಸಾದ. ನಮ್ಮ ಅಜ್ಜನ ಓರಗೆಯವರು ಚಿಲುಮೆ ಸೇದಿ ತತ್ವಪದ ಹಾಡುತ್ತಿದ್ದುದನ್ನು ಹುಡುಗನಾಗಿ ಕಂಡಿದ್ದೇನೆ. ನಾನು ಹೈಸ್ಕೂಲಿನಲ್ಲಿದ್ದಾಗ, 1985ರ ನವೆಂಬರಿನಲ್ಲಿ, ಮಾದಕ ವಸ್ತುಗಳ ಹೊಸ ಕೇಂದ್ರ ಕಾನೂನು ಜಾರಿಗೆ ಬಂತು. ಗಿಡದ ಹೂತುದಿ ಅಪರಾಧವಾಯಿತು. ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗುಳಿದವು, ಹಾಗಾಗಿ ಭಂಗಿ ಬದುಕಿಕೊಂಡಿತು. ಅಮೆರಿಕದವರು ಅರವತ್ತರ ದಶಕದಲ್ಲಿ ಕಂಡುಹಿಡಿದೆವೆಂದುಕೊಂಡ ಗಿಡದ ಬಗ್ಗೆ ನನಗಿದ್ದದ್ದು ಒಂದು ಬಗೆಯ ಉದಾಸೀನ. ಸೇದುವ ಆಸೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಚಳವಳಿಯ ಕಡೆಗೆ ನನ್ನನ್ನು ಎಳೆದದ್ದು ಬೇರೆಯೇ ಸಂಗತಿ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1972ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಗಾಂಜಾವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಬಂದಿತ್ತು. ಮೂರರಲ್ಲಿ ಎರಡು ಪಾಲು ಜನ ಅದನ್ನು ತಿರಸ್ಕರಿಸಿದರು. 1975ರಲ್ಲಿ ರಾಜ್ಯದ ಸೆನೆಟರ್ ಜಾರ್ಜ್ ಮಾಸ್ಕೋನಿ ತಂದ ಮಸೂದೆಗೆ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ಒಂದು ಔನ್ಸಿನ (ಸುಮಾರು 28 ಗ್ರಾಂ) ಒಳಗಿದ್ದರೆ ಜೈಲಿಲ್ಲ, ನೂರು ಡಾಲರ್ ದಂಡ. ಆಮೇಲೆ ಮಾಸ್ಕೋನಿ ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಆದರು. 1978ರ ನವೆಂಬರಿನಲ್ಲಿ ಆ ಊರಿನ ಮತದಾರರು, ಗಾಂಜಾಕ್ಕಾಗಿ ಬಂಧಿಸುವುದನ್ನು ನಿಲ್ಲಿಸಿ ಎಂದು ಪೊಲೀಸರಿಗೆ ಹೇಳುವ ಪ್ರಸ್ತಾವವನ್ನು ಗೆಲ್ಲಿಸಿದರು. ಅದೇ ತಿಂಗಳ 27ರಂದು ಮಾಸ್ಕೋನಿ ಮತ್ತು ಸಲಿಂಗಿಗಳ ನಾಯಕನಾಗಿದ್ದ ನಗರಸಭಾ ಸದಸ್ಯ ಹಾರ್ವಿ ಮಿಲ್ಕ್ ಇಬ್ಬರನ್ನೂ ನಗರಸಭೆಯ ಕಟ್ಟಡದಲ್ಲೇ ಗುಂಡಿಟ್ಟು ಕೊಂದರು. ಮತದಾರರ ಆ ಮಾತು ಅವರೊಂದಿಗೇ ಮಣ್ಣಾಯಿತು.

ಮರುವರ್ಷ ಮೇಯರ್ ಚುನಾವಣೆಗೆ ಡೆಡ್ ಕೆನಡೀಸ್ ತಂಡದ ಗಾಯಕ ಜೆಲ್ಲೋ ಬಯಾಫ್ರಾ ನಿಂತರು. ಊರಿನ ಗಡಿಯೊಳಗೆ ವ್ಯಾಪಾರಿಗಳೆಲ್ಲ ವಿದೂಷಕರ ವೇಷ ಧರಿಸಬೇಕು ಎಂಬುದು ಅವರ ಭರವಸೆಗಳಲ್ಲೊಂದು. ನಾಲ್ಕನೇ ಸ್ಥಾನ ಬಂತು. ಅದೇ ವರ್ಷ ಅವರ ತಂಡದ ಮೊದಲ ಹಾಡು ಹೊರಬಂದದ್ದು ಜೆರ್ರಿ ಬ್ರೌನರನ್ನು ಸರ್ವಾಧಿಕಾರಿಯಂತೆ ಚಿತ್ರಿಸಿ. ಗಾಂಜಾಕ್ಕೆ ಜೈಲು ತಪ್ಪಿಸಿದ ಗವರ್ನರನೂ ಪಂಕ್‌ಗಳ ಕಣ್ಣಿಗೆ ಶತ್ರುವೇ. ಹಿಪ್ಪಿಗಳ ನಗುಮುಖ, ಧ್ಯಾನ, ಸಾವಯವ ತರಕಾರಿ ಇವನ್ನೆಲ್ಲ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಆದ್ದರಿಂದ ಗಾಂಜಾದ ಬಗ್ಗೆಯೂ ಅವರಿಗೆ ತಕರಾರಿತ್ತು. ಅದು ಹಿಪ್ಪಿಗಳ ಸೊಪ್ಪು.

ಪಂಕ್, ಗಾಂಜಾ ಎರಡನ್ನೂ ಗಂಟು ಹಾಕಿದವರು ಯಿಪ್ಪಿಗಳು. ಅರವತ್ತರ ದಶಕದಿಂದ ಉಳಿದುಬಂದ ಆ ತುಂಟ ರಾಜಕೀಯ ಗುಂಪು ಪ್ರತಿ ಜುಲೈ 4ರಂದು ವಾಷಿಂಗ್ಟನ್‌ನಲ್ಲಿ ಬಹಿರಂಗವಾಗಿ ಗಾಂಜಾ ಸೇದುವ ಮೇಳ ನಡೆಸುತ್ತಿತ್ತು. 1983ರಲ್ಲಿ ಅವರು ಅಧ್ಯಕ್ಷ ರೇಗನ್ ವಿರುದ್ಧ ಊರೂರು ತಿರುಗುವ ಸಂಗೀತ ಮೇಳ ಕಟ್ಟಿ ಡೆಡ್ ಕೆನಡೀಸ್, ಎಂಡಿಸಿ, ಡಿಆರ್‌ಐ ಮುಂತಾದ ತಂಡಗಳನ್ನು ಹತ್ತಿಸಿದರು. 1984ರ ಜುಲೈಯಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದಾಗ ಹೊರಗೆ ಡೆಡ್ ಕೆನಡೀಸ್ ಬಾರಿಸಿದರು. ಅಧಿವೇಶನ ನಡೆದ ಕಟ್ಟಡಕ್ಕೆ ಮಾಸ್ಕೋನಿಯ ಹೆಸರಿಟ್ಟಿದ್ದರು. ಅಲ್ಲಿದ್ದವರಲ್ಲಿ ಎಷ್ಟು ಮಂದಿಗೆ ಆ ಕಾಕತಾಳೀಯ ಹೊಳೆದಿತ್ತೋ!

ಆ ಮೇಳಗಳ ಫೋಟೋಗಳು ನೋಡಲು ಚಂದ. ಆದರೆ ಅವು ಕಾನೂನಿನ ಒಂದು ಅಲ್ಪವಿರಾಮವನ್ನೂ ಕದಲಿಸಲಿಲ್ಲ. ನನ್ನ ಇಷ್ಟ, ನನ್ನ ಹಕ್ಕು ಎಂದು ಹೊಗೆಯುಗುಳಿದವರನ್ನು ಟಿ.ವಿ.ಯಲ್ಲಿ ಕಂಡ ಮಧ್ಯಮ ವರ್ಗ ಇನ್ನಷ್ಟು ಗಟ್ಟಿಯಾಗಿ ಬಾಗಿಲು ಹಾಕಿಕೊಂಡಿತು. ಎಂಬತ್ತರ ದಶಕದ ಅಮೆರಿಕದಲ್ಲಿ ಶಿಕ್ಷೆಗಳು ಹೆಚ್ಚುತ್ತಲೇ ಹೋದವು.

ಬಾಗಿಲು ತೆರೆಸಿದ್ದು ಸಾವು. ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ 1983ರಲ್ಲಿ ಏಡ್ಸ್ ರೋಗಿಗಳಿಗೆಂದೇ ತೆರೆದ 86ನೇ ವಾರ್ಡಿಗೆ ಒಬ್ಬ ಅಜ್ಜಿ ಬರುತ್ತಿದ್ದರು. ಹೆಸರು ಮೇರಿ ಜೇನ್ ರಾತ್‌ಬನ್. ಬದುಕಿನುದ್ದಕ್ಕೂ ಹೋಟೆಲುಗಳಲ್ಲಿ ಬಡಿಸುವ ಕೆಲಸ ಮಾಡಿದವರು. ಒಬ್ಬಳೇ ಮಗಳು ಅಪಘಾತದಲ್ಲಿ ತೀರಿಕೊಂಡಿದ್ದಳು. ಗಾಂಜಾ ಬೆರೆಸಿದ ಬ್ರೌನಿ ಎಂಬ ಚಾಕೊಲೇಟ್ ಕೇಕು ಮಾಡಿ ಮಾರುತ್ತಿದ್ದ ಅವರನ್ನು 1981ರಲ್ಲಿ ಪೊಲೀಸರು ಹಿಡಿದಾಗ ಮನೆಯಲ್ಲಿ ಸಿಕ್ಕಿದ್ದು 54 ಡಜನ್ ಬ್ರೌನಿ. ಆಗ ಅವರಿಗೆ 58 ವರ್ಷ. ನ್ಯಾಯಾಲಯ 500 ಗಂಟೆಗಳ ಸಮಾಜಸೇವೆ ವಿಧಿಸಿತು. ಸೇವೆ ಮಾಡುತ್ತಾ ಮಾಡುತ್ತಾ ಅವರು ಸಾಯುತ್ತಿದ್ದ ಹುಡುಗರನ್ನು ಕಂಡರು. ಮನೆಯವರು ಕೈಬಿಟ್ಟ, ಏನು ತಿಂದರೂ ಕಕ್ಕುವ, ದಿನದಿನಕ್ಕೆ ಎಲುಬಿನ ಗೂಡಾಗುತ್ತಿದ್ದ ಹುಡುಗರು. ಶಿಕ್ಷೆಯ ಅವಧಿ ಮುಗಿದ ಮೇಲೂ ಅಜ್ಜಿ ಬರುವುದು ನಿಲ್ಲಿಸಲಿಲ್ಲ. ಮಾರುವುದನ್ನು ನಿಲ್ಲಿಸಿ ಹಂಚತೊಡಗಿದರು. ಬ್ರೌನಿ ತಿಂದವರಿಗೆ ವಾಕರಿಕೆ ಇಳಿದು ಹಸಿವು ಹುಟ್ಟುತ್ತಿತ್ತು. ಅದೇ ರಾಸಾಯನಿಕವನ್ನು ಗುಳಿಗೆ ಮಾಡಿ ಮಾರಲು 1985ರಲ್ಲೇ ಸರ್ಕಾರ ಅನುಮತಿ ಕೊಟ್ಟಿತ್ತು. ಆದರೆ ನೀರೂ ಹೊಟ್ಟೆಯಲ್ಲಿ ನಿಲ್ಲದವನು ಗುಳಿಗೆಯನ್ನು ಹೇಗೆ ನಿಲ್ಲಿಸಿಕೊಳ್ಳಬೇಕು?

ಒಕ್ಕೂಟ ಸರ್ಕಾರವೇ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಗಾಂಜಾ ಬೆಳೆದು, ಸುತ್ತಿ, ಡಬ್ಬಿಯಲ್ಲಿ ತುಂಬಿ ಬೆರಳೆಣಿಕೆಯ ರೋಗಿಗಳಿಗೆ ಕಳುಹಿಸುತ್ತಿತ್ತು ಎಂದರೆ ನಂಬುವುದು ಕಷ್ಟ, ಆದರೂ ನಿಜ. ಏಡ್ಸ್ ರೋಗಿಗಳ ಅರ್ಜಿಗಳು ಬಂದು ಬೀಳತೊಡಗಿದಾಗ 1992ರಲ್ಲಿ ಹೊಸಬರಿಗೆ ಆ ಬಾಗಿಲನ್ನು ಮುಚ್ಚಿದರು. ಅದೇ ವರ್ಷದ ಜುಲೈಯಲ್ಲಿ ಸೊನೋಮಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಅಜ್ಜಿಯನ್ನು ಇನ್ನೊಮ್ಮೆ ಹಿಡಿದರು. ಅರವತ್ತೊಂಬತ್ತರ ಮುದುಕಿಗೆ ಕೈಕೋಳ ತೊಡಿಸಹೊರಟ ಸುದ್ದಿ ದೇಶವಿಡೀ ಹರಡಿತು. ಸ್ಯಾನ್ ಫ್ರಾನ್ಸಿಸ್ಕೋ ಆಗಸ್ಟ್ 25ನ್ನು ‘ಬ್ರೌನಿ ಮೇರಿ ದಿನ’ ಎಂದು ಸಾರಿತು.

ಅವರ ಜೊತೆಗಾರ ಡೆನಿಸ್ ಪೆರಾನ್ ವಿಯೆಟ್ನಾಂ ಯುದ್ಧದಿಂದ ಮರಳುವಾಗ ಚೀಲದಲ್ಲಿ ಗಾಂಜಾ ತಂದವರು. ಕ್ಯಾಸ್ಟ್ರೋ ಬೀದಿಯಲ್ಲಿ ಅದನ್ನು ಅಂಗಡಿಯಂತೆ ಮಾರಿದವರು. 1977ರ ದಾಳಿಯಲ್ಲಿ ಪೊಲೀಸನ ಗುಂಡು ತೊಡೆಗೆ ಬಿತ್ತು. 1978ರ ಪ್ರಸ್ತಾವವೂ ಅವರದೇ. ಇಷ್ಟೆಲ್ಲ ಆದರೂ ಅವರು ಊರಿನವರ ಕಣ್ಣಿಗೆ ಒಬ್ಬ ಜನಪ್ರಿಯ ಗಾಂಜಾ ವ್ಯಾಪಾರಿ ಮಾತ್ರ. 1990ರಲ್ಲಿ ಪೊಲೀಸರು ಅವರ ಮನೆಗೆ ನುಗ್ಗಿ ನಾಲ್ಕು ಔನ್ಸ್ ಹಿಡಿದರು. ಅವರ ಸಂಗಾತಿ ಜೊನಾಥನ್ ವೆಸ್ಟ್‌ಗೆ ಏಡ್ಸ್ ಇತ್ತು. ಅದು ನನ್ನದು, ನನ್ನ ರೋಗಕ್ಕೆ ಇಟ್ಟುಕೊಂಡದ್ದು ಎಂದು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ವೆಸ್ಟ್ ಅದೇ ವರ್ಷ ತೀರಿಕೊಂಡರು. ಪೆರಾನ್ 1991ರಲ್ಲಿ ಊರಿನ ಮತದಾರರ ಮುಂದೆ ಔಷಧ ಗಾಂಜಾದ ಪ್ರಸ್ತಾವ ತಂದಾಗ ಸುಮಾರು ಶೇ. 80ರಷ್ಟು ಜನ ಒಪ್ಪಿದರು. ಆಮೇಲೆ ಮಾರ್ಕೆಟ್ ಬೀದಿಯ 1444ನೇ ನಂಬರಿನಲ್ಲಿ ‘ಕ್ಯಾನಬಿಸ್ ಬೈಯರ್ಸ್ ಕ್ಲಬ್’ ಎದ್ದು ನಿಂತಿತು. ಕಾನೂನಿನ ಪ್ರಕಾರ ಅದು ಅಪರಾಧ. ಊರು ಕಣ್ಣು ಮುಚ್ಚಿಕೊಂಡಿತು.

ಆ ಕ್ಲಬ್ಬಿಗೆ ನಾನು ಹೋಗಿದ್ದು ಕರಪತ್ರಗಳ ಪೆಟ್ಟಿಗೆ ತರಲು. ಒಳಗೆ ಹಳೆಯ ಸೋಫಾಗಳು, ಗೋಡೆ ತುಂಬ ಕಾಗದದ ಚಿತ್ತಾರ, ದಟ್ಟ ಹೊಗೆ. ಗಾಲಿಕುರ್ಚಿಯಲ್ಲಿದ್ದವರು ಇಸ್ಪೀಟು ಆಡುತ್ತಿದ್ದರು. ನನ್ನದೇ ವಯಸ್ಸಿನ ಒಬ್ಬ, ಕೈಯೆಲ್ಲ ಕಪ್ಪು ಕಲೆ, ತೂಕ ನನ್ನ ಅರ್ಧವಿದ್ದಿರಬೇಕು, ಸ್ಯಾಂಡ್‌ವಿಚ್ ತಿನ್ನುತ್ತಾ ಕುಳಿತಿದ್ದ. ಪಕ್ಕದವಳು ಅವನ ತಟ್ಟೆ ನೋಡಿ ಚಪ್ಪಾಳೆ ತಟ್ಟಿದಳು. ತಮಾಷೆಗಲ್ಲ. ಅವನು ಅಷ್ಟು ತಿಂದು ಎಷ್ಟೋ ದಿನಗಳಾಗಿದ್ದವಂತೆ. ಏಡ್ಸ್‌ಗೆ ಹೊಸ ಔಷಧಗಳ ಮಿಶ್ರ ಚಿಕಿತ್ಸೆ ಆಗಷ್ಟೇ ಬರುತ್ತಿತ್ತು. ಅದು ತಲುಪುವ ಮುನ್ನ ಸಾಯದೆ ಇರಲು ತಿನ್ನುವುದೇ ಅಲ್ಲಿ ಹಲವರಿಗೆ ಕೆಲಸವಾಗಿತ್ತು. ಹಿಂದಿರುಗುವಾಗ ರೈಲಿನಲ್ಲಿ ನನ್ನ ಅಂಗಿಗೆ ಹತ್ತಿದ ವಾಸನೆ ತಿಂಥಣಿಯ ಜಾತ್ರೆಯದೇ ಆಗಿತ್ತು.

ಮರುದಿನ ಮೇಜಿನ ಬಳಿ ಸಹಿ ಹಾಕಲು ಪೆನ್ನು ಎತ್ತಿಕೊಂಡೆ. ರೂಮ್‌ಮೇಟ್ ಮೆಲ್ಲಗೆ ಹಾಳೆಯನ್ನು ಎಳೆದುಕೊಂಡ. ಸಹಿ ಹಾಕಲು ಕ್ಯಾಲಿಫೋರ್ನಿಯಾದ ನೋಂದಾಯಿತ ಮತದಾರನಾಗಿರಬೇಕು. ಮತದಾರನಾಗಲು ನಾಗರಿಕನಾಗಿರಬೇಕು. ನಾನು ವೀಸಾದ ಮೇಲಿದ್ದವನು. ಸರಿ, ಮೇಜು ಹೊರುವ ಕೆಲಸ ನನ್ನದಾಯಿತು. ಹಾಳೆಗಳನ್ನು ವಿಂಗಡಿಸುವುದು ಇನ್ನೊಂದು. ಒಂದು ಹಾಳೆಯಲ್ಲಿ ಒಂದೇ ಕೌಂಟಿಯವರ ಸಹಿ ಇರಬೇಕು. ಅಲಮೇಡಾ, ಕಾಂಟ್ರಾ ಕೋಸ್ಟಾ, ಸ್ಯಾನ್ ಫ್ರಾನ್ಸಿಸ್ಕೋ ಎಂದು ಬೇರೆ ಬೇರೆ ಹಲಗೆಗಳು. ಟೆಲಿಗ್ರಾಫಿನ ಗದ್ದಲದಲ್ಲಿ ಜನ ಯಾವುದೋ ಹಲಗೆಗೆ ಯಾವುದೋ ಊರಿನ ವಿಳಾಸ ಬರೆದು ಹೋಗುತ್ತಿದ್ದರು. ಗಾಂಜಾ ಸೇದಿ ಬಂದವರ ಸಹಿಯಂತೂ ಗೆರೆ ದಾಟಿ ಕೆಳಗಿನ ಸಾಲಿಗೆ ಇಳಿಯುತ್ತಿತ್ತು, ಅಂಥದ್ದನ್ನೆಲ್ಲ ತೆಗೆದುಹಾಕಬೇಕು. ಚಳವಳಿಯ ದೊಡ್ಡ ಶತ್ರು ಪೊಲೀಸರೆಂದು ನಾನು ತಿಳಿದಿದ್ದೆ. ದಿನನಿತ್ಯದ ಶತ್ರು ಪಿನ್‌ಕೋಡ್.

ಸ್ವಯಂಸೇವಕರ ಸಹಿಗಳು ಸಾಲದೆ ಪ್ರಯತ್ನ ಕುಂಟುತ್ತಿದ್ದಾಗ ಹಣ ಬಂತು. ಜಾರ್ಜ್ ಸೊರೋಸ್, ಪೀಟರ್ ಲೂಯಿಸ್, ಜಾನ್ ಸ್ಪರ್ಲಿಂಗ್ ಮೊದಲಾದ ಶ್ರೀಮಂತರು ಕೊಟ್ಟ ಹಣದಿಂದ ಕೂಲಿಯ ಸಹಿ ಸಂಗ್ರಾಹಕರು ರಾಜ್ಯದ ಮೂಲೆ ಮೂಲೆಗೆ ಹೋದರು. ಅದರ ಜೊತೆಗೇ ಪ್ರಚಾರದ ಚುಕ್ಕಾಣಿಯೂ ದಕ್ಷಿಣ ಕ್ಯಾಲಿಫೋರ್ನಿಯಾದ ವೃತ್ತಿಪರರ ಕೈಗೆ ಹೋಯಿತು. ಪೆರಾನ್ ಆದಷ್ಟು ಕ್ಯಾಮೆರಾದಿಂದ ದೂರವಿರಲಿ ಎಂಬುದು ಅವರ ಬಯಕೆ. ಟಿ.ವಿ. ಜಾಹೀರಾತಿನಲ್ಲಿ ಕಾಣಿಸಿಕೊಂಡವರು ಅನ್ನಾ ಬಾಯ್ಸ್. ನರ್ಸ್ ಆಗಿ ಕೆಲಸ ಮಾಡಿದವರು, ಗಂಡನನ್ನು ಕ್ಯಾನ್ಸರ್‌ಗೆ ಕಳೆದುಕೊಂಡವರು, ನೋಡಿದರೆ ಯಾರ ಮನೆಯ ಅಜ್ಜಿಯೂ ಆಗಬಹುದಾದವರು. ನಮ್ಮ ಮೇಜಿನ ಹುಡುಗರಿಗೂ ಸೂಚನೆ ತಲುಪಿತು: ಪತ್ರಕರ್ತರು ಬಂದರೆ ಹಸಿರು ಕೂದಲಿನವರು ಸ್ವಲ್ಪ ಹಿಂದೆ ನಿಲ್ಲಿ. ರೂಮ್‌ಮೇಟ್ ಎರಡು ದಿನ ಹಲ್ಲು ಕಡಿದ. ಮೂರನೆಯ ದಿನ ತಾನೇ ಹಿಂದೆ ನಿಂತ. ನನಗಂತೂ ಆ ವೃತ್ತಿಪರರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಸಾಯುತ್ತಿರುವವನಿಗೆ ಊಟ ಸೇರಬೇಕಾದರೆ ಯಾರ ಮುಖ ಮುಂದಿದ್ದರೇನು? ಆದರೆ ಒಂದು ಮೇಜನ್ನು ಯಾರು ಹಾಕಿದರು, ಕೊನೆಗೆ ಅದರ ಹಿಂದೆ ಯಾರು ಕುಳಿತರು ಎಂಬ ಪ್ರಶ್ನೆ ಆ ದಿನಗಳಿಂದಲೇ ನನ್ನನ್ನು ಕಾಡತೊಡಗಿತು.

ಆಗಸ್ಟ್ 4ರಂದು ರಾಜ್ಯದ ಅಟಾರ್ನಿ ಜನರಲ್ ಡ್ಯಾನ್ ಲಂಗ್ರೆನ್ ಅವರ ಕಡೆಯವರು ಮಾರ್ಕೆಟ್ ಬೀದಿಯ ಕ್ಲಬ್ಬಿನ ಮೇಲೆ ದಾಳಿ ಮಾಡಿ ಬೀಗ ಜಡಿಸಿದರು. ಚುನಾವಣೆಗೆ ಮೂರು ತಿಂಗಳಿದ್ದಾಗ ಇಂಥ ದಾಳಿ! ಒಂದು ಪ್ರಸಿದ್ಧ ವ್ಯಂಗ್ಯಚಿತ್ರ ಸರಣಿ ಅದನ್ನೇ ವಸ್ತುವಾಗಿಸಿ ಲಂಗ್ರೆನ್‌ರನ್ನು ಗೇಲಿ ಮಾಡಿತು. ನವೆಂಬರ್ 5ರಂದು ನಾವು ಸಹಿ ಕೂಡಿಸಿದ್ದ ಪ್ರಸ್ತಾವ, 215ನೇ ನಂಬರಿನದು, ಶೇ. 55.6 ಮತಗಳಿಂದ ಗೆದ್ದಿತು. ಆ ರಾತ್ರಿ ನಾನು ಆಫೀಸಿನಲ್ಲಿ ಪ್ರೋಗ್ರಾಮಿನ ದೋಷ ಹುಡುಕುತ್ತಾ ಕುಳಿತಿದ್ದೆ.

ಗೆದ್ದ ಕೂಡಲೇ ಎಲ್ಲ ಸರಿಹೋಗಲಿಲ್ಲ. ವಾಷಿಂಗ್ಟನ್‌ನ ಕಾನೂನಿನಲ್ಲಿ ಗಾಂಜಾ 1970ರಿಂದಲೂ ಹೆರಾಯಿನ್‌ನ ಸಾಲಿನಲ್ಲೇ ಇತ್ತು. ಶಿಫಾರಸು ಮಾಡುವ ವೈದ್ಯರ ಪರವಾನಗಿಗೆ ಕುತ್ತು ತರುತ್ತೇವೆಂದು ಒಕ್ಕೂಟ ಸರ್ಕಾರ ಹೆದರಿಸಿತು. ಏಡ್ಸ್ ತಜ್ಞ ಡಾ. ಮಾರ್ಕಸ್ ಕೊನಾಂಟ್ ಮತ್ತಿತರರು ನ್ಯಾಯಾಲಯಕ್ಕೆ ಹೋಗಿ, ರೋಗಿಯೊಂದಿಗೆ ವೈದ್ಯ ಆಡುವ ಮಾತಿಗೆ ರಕ್ಷಣೆ ಪಡೆದರು. ಓಕ್‌ಲ್ಯಾಂಡ್ ನಗರದ ಒಪ್ಪಿಗೆಯಿಂದಲೇ ಸಸಿ ಬೆಳೆಯುತ್ತಿದ್ದ ಎಡ್ ರೋಸೆಂಥಾಲ್ ಅವರನ್ನು 2002ರಲ್ಲಿ ಬಂಧಿಸಿದಾಗ, ನಗರ ಒಪ್ಪಿತ್ತು ಎಂಬುದನ್ನು ಜ್ಯೂರಿಗಳ ಕಿವಿಗೆ ಬೀಳದಂತೆ ನೋಡಿಕೊಂಡರು. ಅಪರಾಧಿ ಎಂದು ತೀರ್ಪಿತ್ತ ಮೇಲೆ ನಿಜ ತಿಳಿದ ಜ್ಯೂರಿಗಳು ತಮ್ಮ ತೀರ್ಪನ್ನೇ ಬಹಿರಂಗವಾಗಿ ಖಂಡಿಸಿದರು. ನ್ಯಾಯಾಧೀಶರು ಒಂದು ದಿನದ ಶಿಕ್ಷೆ ಕೊಟ್ಟು ಕೈತೊಳೆದುಕೊಂಡರು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಆರು-ಮೂರರ ತೀರ್ಪಿನಲ್ಲಿ ಒಕ್ಕೂಟದ ಕಾನೂನೇ ಮೇಲೆಂದಿತು. ಬ್ರೌನಿ ಮೇರಿ ಅಷ್ಟರಲ್ಲಿ, 1999ರಲ್ಲೇ, ತೀರಿಕೊಂಡಿದ್ದರು. ಟಿಮ್ ಯೋಹಾನನ್ ಅದಕ್ಕೂ ಒಂದು ವರ್ಷ ಮೊದಲು ಕ್ಯಾನ್ಸರ್‌ನಿಂದ ಹೋದರು.

ಇಲ್ಲಿ ಗಿಲ್‌ಮನ್‌ನ ಇನ್ನೊಂದು ನಿಯಮವನ್ನು ಹೇಳಬೇಕು. ದೊಡ್ಡ ರೆಕಾರ್ಡ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ತಂಡಕ್ಕೆ ಅಲ್ಲಿ ಆಗ ವೇದಿಕೆ ಇರಲಿಲ್ಲ. ಅಲ್ಲೇ ಬಾರಿಸಿ ಬೆಳೆದ ಗ್ರೀನ್ ಡೇ 1993ರಲ್ಲಿ ಅಂಥ ಒಪ್ಪಂದಕ್ಕೆ ಸಹಿ ಹಾಕಿತು. ಮರುವರ್ಷ ಬಂದ ಅವರ ಆಲ್ಬಮ್ ಕೋಟಿ ದಾಟಿ ಮಾರಾಟವಾಯಿತು. ಗಿಲ್‌ಮನ್‌ನ ಬಾಗಿಲು ಅವರಿಗೆ ಮುಚ್ಚಿತು. ಈ ಶುದ್ಧಿಯ ಹಟಕ್ಕೆ ಕೆಟ್ಟ ಮುಖವೂ ಇತ್ತು. 1994ರ ಮೇ ತಿಂಗಳಲ್ಲಿ ಅದೇ ಗಿಲ್‌ಮನ್‌ನೊಳಗೆ, ಹೊಡೆದಾಟ ಇಲ್ಲವೆಂದು ಬರೆದ ಗೋಡೆಗಳ ನಡುವೆಯೇ, ಮಾರಿಕೊಂಡವನೆಂದು ಬೈಯುತ್ತಾ ಕೆಲವರು ಬಯಾಫ್ರಾರ ಕಾಲು ಮುರಿದರು. ಮೇಯರ್ ಚುನಾವಣೆಗೆ ನಿಂತು ವ್ಯಾಪಾರಿಗಳನ್ನು ಅಣಕಿಸಿದ್ದ ಮನುಷ್ಯ! ಆಗ ನನಗೆ ಈ ಕಂಪನಿ ವಿರೋಧವೆಲ್ಲ ಬಾಲಿಶವಾಗಿ ಕಾಣುತ್ತಿತ್ತು. ಒಳ್ಳೆಯ ಹಾಡು ಹೆಚ್ಚು ಜನರಿಗೆ ತಲುಪಿದರೆ ನಷ್ಟವೇನು ಎಂದು ರೂಮ್‌ಮೇಟ್‌ನೊಂದಿಗೆ ಅಡುಗೆಮನೆಯಲ್ಲಿ ರಾತ್ರಿಯಿಡೀ ಜಗಳ. ಹಾಡು ತಲುಪುತ್ತದೆ, ಬಾಗಿಲು ಯಾರ ಕೈಯಲ್ಲಿರುತ್ತದೆ ಹೇಳು ಎಂಬುದು ಅವನ ಒಂದೇ ಉತ್ತರ.

2016ರ ನವೆಂಬರ್ ಹೊತ್ತಿಗೆ ನಾನು ನಾಗರಿಕನಾಗಿದ್ದೆ. 64ನೇ ಪ್ರಸ್ತಾವಕ್ಕೆ ಮತ ಹಾಕಿದೆ. ಇಪ್ಪತ್ತೊಂದು ತುಂಬಿದ ಯಾರೇ ಆಗಲಿ ಒಂದು ಔನ್ಸ್ ಇಟ್ಟುಕೊಳ್ಳಬಹುದು, ಆರು ಗಿಡ ಬೆಳೆಯಬಹುದು. ಶೇ. 57ರಷ್ಟು ಜನ ಒಪ್ಪಿದರು. ದೊಡ್ಡ ದೇಣಿಗೆ ಈ ಬಾರಿ ಫೇಸ್‌ಬುಕ್‌ನ ಮಾಜಿ ಅಧ್ಯಕ್ಷ ಶಾನ್ ಪಾರ್ಕರ್ ಅವರದು. ಡೆನಿಸ್ ಪೆರಾನ್ ಈ ಪ್ರಸ್ತಾವವನ್ನು ವಿರೋಧಿಸಿದರು. ಯಾರೇ ಸೇದಲಿ ಅದು ಔಷಧವೇ ಎಂಬುದು ಅವರ ನಿಲುವು. ಅದನ್ನು ಮೋಜಿನ ಸರಕು ಮಾಡಿ ತೆರಿಗೆ ಹಾಕುವುದು ಅವರಿಗೆ ಸೇರಲಿಲ್ಲ. ಮುದುಕನಿಗೆ ಕಾಲದ ಅರಿವಿಲ್ಲ ಎಂದು ಪತ್ರಿಕೆಗಳು ಮೃದುವಾಗಿ ನಕ್ಕವು. ಅಂಗಡಿಗಳು ತೆರೆದ ತಿಂಗಳೇ, 2018ರ ಜನವರಿ 27ರಂದು, ಅವರು ತೀರಿಕೊಂಡರು.

ಎಲ್ಲ ಗಾಂಜಾವೂ ಔಷಧ ಎಂಬ ಅವರ ಮಾತು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಹಾಗೆಂದರೆ ನಮ್ಮೂರ ಚಿಲುಮೆಯವರೆಲ್ಲ ರೋಗಿಗಳಾಗಬೇಕಾಗುತ್ತದೆ. ಆದರೆ ವ್ಯಾಪಾರದ ಬಗ್ಗೆ ಅವರಿಗಿದ್ದ ಅಂಜಿಕೆ ಸುಳ್ಳಾಗಲಿಲ್ಲ. ಉತ್ತರದ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಕೌಂಟಿಗಳ ಬೆಟ್ಟಗಳಲ್ಲಿ ಹೆಲಿಕಾಪ್ಟರ್ ದಾಳಿಗಳಿಗೆ ಅಡಗಿ ಬೆಳೆದ ಸಣ್ಣ ಬೆಳೆಗಾರರಿಗೆ, ದೊಡ್ಡ ತೋಟಗಳಿಗೆ 2023ರವರೆಗೆ ಪರವಾನಗಿ ಇಲ್ಲ ಎಂಬ ಭರವಸೆ ಕೊಟ್ಟೇ ಪ್ರಸ್ತಾವವನ್ನು ಮುಂದಿಟ್ಟಿದ್ದರು. 2017ರ ನವೆಂಬರಿನಲ್ಲಿ ಕೃಷಿ ಇಲಾಖೆಯ ನಿಯಮಗಳು ಬಂದಾಗ ಸಣ್ಣ ಪರವಾನಗಿಗಳನ್ನು ಒಬ್ಬರೇ ಎಷ್ಟು ಪಡೆಯಬಹುದು ಎಂಬುದಕ್ಕೆ ಮಿತಿಯೇ ಇರಲಿಲ್ಲ. ಹಣವುಳ್ಳವರು ಹತ್ತಾರು ಸಣ್ಣ ಪರವಾನಗಿಗಳನ್ನು ಪೇರಿಸಿ ದೊಡ್ಡ ತೋಟ ಮಾಡಿಕೊಂಡರು. ಔನ್ಸಿಗೆ ಇಷ್ಟು ಎಂಬ ಬೆಳೆ ತೆರಿಗೆಯನ್ನು 2022ರಲ್ಲಿ ತೆಗೆಯುವ ಹೊತ್ತಿಗೆ ಬೆಲೆ ಕುಸಿದು ಬೆಟ್ಟದ ಬೆಳೆಗಾರರಲ್ಲಿ ಅನೇಕರು ಕೈಚೆಲ್ಲಿದ್ದರು. ಗಾಂಜಾ ಪ್ರಕರಣಗಳಲ್ಲಿ ಶಿಕ್ಷೆಯಾದವರಿಗೆ ಪರವಾನಗಿಯಲ್ಲಿ ಪಾಲಿಡುವ ಯೋಜನೆಯನ್ನು ಓಕ್‌ಲ್ಯಾಂಡ್ 2017ರಲ್ಲಿ ದೇಶದಲ್ಲೇ ಮೊದಲಿಗೆ ತಂದಿತು. ಪರವಾನಗಿ ಕೈಗೆ ಬಂದರೂ ಅಂಗಡಿ ಹಾಕಲು ಬ್ಯಾಂಕು ಸಾಲ ಕೊಡಬೇಕಲ್ಲ, ಒಕ್ಕೂಟದ ಕಾನೂನಿಗೆ ಹೆದರಿ ಬ್ಯಾಂಕುಗಳು ಕೊಡುವುದಿಲ್ಲ. ಅಡುಗೆಮನೆಯ ಜಗಳದಲ್ಲಿ ರೂಮ್‌ಮೇಟ್ ಕೇಳುತ್ತಿದ್ದ ಪ್ರಶ್ನೆಯನ್ನು ಈ ಕಾನೂನು ಬರೆದವರು ತಮ್ಮಲ್ಲೇ ಒಮ್ಮೆ ಕೇಳಿಕೊಂಡಿದ್ದರೆ ಚೆನ್ನಾಗಿತ್ತು.

ಒಳ್ಳೆಯದೂ ಆಗಿದೆ, ಅದನ್ನು ಮುಚ್ಚಿಡುವುದು ಅನ್ಯಾಯ. ಹಳೆಯ ಶಿಕ್ಷೆಗಳನ್ನು ಅಳಿಸಲು 64ನೇ ಪ್ರಸ್ತಾವ ದಾರಿ ತೆರೆಯಿತು. ಅರ್ಜಿ ಹಾಕುವ ತಲೆನೋವಿಗೆ ಹೆಚ್ಚಿನವರು ಹಾಕುವುದೇ ಇಲ್ಲವೆಂದು ಕಂಡ ಸ್ಯಾನ್ ಫ್ರಾನ್ಸಿಸ್ಕೋದ ಜಿಲ್ಲಾ ಅಟಾರ್ನಿ, ‘ಕೋಡ್ ಫಾರ್ ಅಮೆರಿಕ’ ಎಂಬ ಸಂಸ್ಥೆಯ ಪ್ರೋಗ್ರಾಮ್ ಬಳಸಿ 1975ರಷ್ಟು ಹಿಂದಿನ ದಾಖಲೆಗಳನ್ನೂ ಹುಡುಕಿಸಿ, ಒಂಬತ್ತು ಸಾವಿರಕ್ಕೂ ಹೆಚ್ಚು ಶಿಕ್ಷೆಗಳನ್ನು ತಾವಾಗಿಯೇ ತೆಗೆಸಿದರು. ನನ್ನ ಕಸುಬಿನವರು ಬರೆದ ಸಾಲುಗಳು ಇಷ್ಟು ಸದುಪಯೋಗವಾದ ಇನ್ನೊಂದು ಉದಾಹರಣೆ ನನಗೆ ತಟ್ಟನೆ ನೆನಪಾಗುವುದಿಲ್ಲ. ಗಿಲ್‌ಮನ್ ಕೂಡ ಉಳಿದಿದೆ. 2015ರಲ್ಲಿ ಓಕ್‌ಲ್ಯಾಂಡ್‌ನ ಎಕೆ ಪ್ರೆಸ್ ಎಂಬ ಪ್ರಕಾಶನದ ಗೋದಾಮು ಬೆಂಕಿಗೆ ಸಿಕ್ಕಾಗ, ಸಹಾಯಾರ್ಥ ಕಾರ್ಯಕ್ರಮಕ್ಕೆ ಗ್ರೀನ್ ಡೇ ಅಲ್ಲಿಗೆ ಮರಳಿ ಬಂದು ಬಾರಿಸಿತು.

ಊರಿನ ಕಡೆ ಕಾನೂನು ಅಲ್ಲೇ ನಿಂತಿದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯುವ ಪ್ರಶ್ನೆಯನ್ನು ಮತಕ್ಕೆ ಹಾಕಿದಾಗ ಭಾರತ ಪರವಾಗಿ ಮತ ಕೊಟ್ಟಿತು, 27–25ರಲ್ಲಿ ಅದು ಗೆದ್ದಿತು. ಮನೆಯೊಳಗೆ ಮಾತ್ರ ಒಂದು ಕಿಲೋದೊಳಗಿನ ಗಾಂಜಾಕ್ಕೂ ಒಂದು ವರ್ಷದವರೆಗೆ ಜೈಲು.

ಈಗ ಕೊಲ್ಲಿ ಪ್ರದೇಶದ ಕನ್ನಡ ಕೂಟಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ: ಅಂಕಲ್, ಇಲ್ಲಿ ಅದು ಕಾನೂನುಬದ್ಧವೇ ತಾನೇ? ಅಂಗಡಿ ಔಷಧದಂಗಡಿಗಿಂತ ಚೊಕ್ಕಟವಾಗಿದೆ, ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ನಮಸ್ಕಾರ ಹೇಳುತ್ತಾರೆ, ಅನುಮಾನ ಬರುವುದಾದರೂ ಹೇಗೆ? ನಾನು ಹೇಳುವುದು ಇಷ್ಟು. ಕ್ಯಾಲಿಫೋರ್ನಿಯಾಕ್ಕೆ ಅದು ಸರಿ. ವಲಸೆ ಕಾನೂನು ಕ್ಯಾಲಿಫೋರ್ನಿಯಾದ್ದಲ್ಲ, ಒಕ್ಕೂಟದ್ದು. ವೀಸಾ ಅರ್ಜಿಯಲ್ಲಿ ಮಾದಕ ವಸ್ತುಗಳ ಕಾನೂನನ್ನು ಎಂದಾದರೂ ಮುರಿದಿದ್ದೀರಾ ಎಂಬ ಪ್ರಶ್ನೆಯಿದೆ. ಶಿಕ್ಷೆಯೇ ಆಗಬೇಕೆಂದಿಲ್ಲ, ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಮರುಪ್ರವೇಶಕ್ಕೆ ಅಡ್ಡಿಯಾಗಬಹುದು. ಪರವಾನಗಿಯಿರುವ ಗಾಂಜಾ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದರೂ ಪೌರತ್ವಕ್ಕೆ ತೊಡಕಾಗಬಹುದು ಎಂದು ವಲಸೆ ಇಲಾಖೆ 2019ರಲ್ಲೇ ಸ್ಪಷ್ಟಪಡಿಸಿದೆ. ಮೊನ್ನೆ ಹುಬ್ಬಳ್ಳಿಯ ಹುಡುಗನೊಬ್ಬ ಇದನ್ನೆಲ್ಲ ಕೇಳಿ, ಮತ್ತೆ ಇಲ್ಲಿ ಇದು ಯಾರಿಗೆ ಕಾನೂನುಬದ್ಧ ಅಂಕಲ್ ಎಂದ. ಮತ ಹಾಕುವವರಿಗೆ ಎಂದೆ. ಫೋನಿನಲ್ಲಿರುವ ಚಿತ್ರಗಳನ್ನು ಅಳಿಸಿಬಿಡಲೇ ಎಂದು ಕೇಳಿದ. ಮೊದಲು ವಲಸೆ ವಕೀಲರನ್ನು ಕಾಣು ಎಂದು ಒಂದು ನಂಬರು ಕೊಟ್ಟು, ಹೋಳಿಗೆಯ ಸಾಲಿಗೆ ಮರಳಿದೆ.